ಮಳೆ ಅಂಗಳಕ್ಕೆ ಬರೋ ಮೊದ್ಲೇ ಡಿಶ್ ಸಿಗ್ನಲ್ ಹೋಗೋದು ಎಂತಕ್ಕೆ?

ನಿಟ್ಟೂರು ಕಡೆಯವ:
ನಮ್ಮದು ಹೊಸನಗರ ತಾಲೂಕು, ನಿಟ್ಟೂರು ಹತ್ರ. ಆರಿದ್ರ ಮಳೆ ಹಿಡೀತು ಅಂದ್ರೆ ಮುಗೀತು, ಸಂಜೆ ಅಮ್ಮ ಕೆಲಸ ಎಲ್ಲ ಮುಗ್ಸಿ ಟಿವಿ ಮುಂದೆ ಕೂರೋ ಹೊತ್ತಿಗೆ ಸರಿಯಾಗಿ ಚಿತ್ರ ಚೌಕ ಚೌಕ ಒಡ್ದು ನಿಂತೋಗತ್ತೆ. ಅದು ಹಾಳಾಗ್ಲಿ, ಮೇ ತಿಂಗಳಲ್ಲಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗ್ತಾ ಇರತ್ತೆ, ಒಂದು ಹನಿ ಬಿದ್ದಿರಲ್ಲ, ಆಚೆ ಗುಡ್ಡದಲ್ಲಿ ಗುಡುಗ್ತಿರತ್ತೆ ಅಷ್ಟೇ, ಆಗ್ಲೇ ಸಿಗ್ನಲ್ ಇಲ್ಲ! ಒಂದೊಂದ್ಸಲ ಮಳೆ ನಿಂತ್ಮೇಲೂ ರಾತ್ರಿಯೆಲ್ಲ ಬರಲ್ಲ. ತೀರ್ಥಹಳ್ಳಿ ಪೇಟೇಲಿ ಅಕ್ಕನ ಮನೆ ಕೇಬಲ್ ಮಾತ್ರ ಎಂಥ ಮಳೇಲೂ ಓಡತ್ತೆ. ಗೊತ್ತಿದ್ದೋರು ಸ್ವಲ್ಪ ಹೇಳಿ.

ಆಂಟೆನಾ ಪ್ರೇಮಿ:
ಮನೆ ಮೇಲಿನ ಮೋಡ ಅಲ್ಲ ಮಾರಾಯ್ರೆ, ಆಗ್ನೇಯ ನೋಡಿ. ಉಪಗ್ರಹ ಇರೋದು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿಮೀ ಎತ್ತರದಲ್ಲಿ. ದೂರದರ್ಶನದ ಫ್ರೀ ಡಿಶ್ ಚಾನೆಲ್‌ಗಳು ಬರೋ ಉಪಗ್ರಹ ಜಿಸ್ಯಾಟ್-15, ಅದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ನಾವಿರೋದು 75ರ ಆಸುಪಾಸು, ಹಾಗಾಗಿ ಸಿಗ್ನಲ್ ಆಗ್ನೇಯದಿಂದ ಓರೆಯಾಗಿ ಇಳಿದು ಬರತ್ತೆ, 60 ಡಿಗ್ರಿಗಿಂತ ಸ್ವಲ್ಪ ಮೇಲಿಂದ. ಆ ದಾರೀಲಿ ಒಂದೆರಡು ಕಿಮೀ ಆಚೆ ಮಳೆ ಹೊಯ್ತಿದ್ರೂ ಅದನ್ನ ತೂರ್ಕೊಂಡೇ ಬರ್ಬೇಕು, ನಿಮ್ಮ ಹಪ್ಪಳ ಒಣಗೇ ಇದ್ರೂ ಚಿತ್ರ ಹೋಗೋದು ಅದಕ್ಕೇ.

ಇನ್ನು ಮಳೆ ತಡೆಯೋದು ಎಂತಕ್ಕೆ ಅಂದ್ರೆ, ಮನೆ ಡಿಶ್‌ಗೆ ಬರೋದು ಕೆಯು ಬ್ಯಾಂಡ್, 11-12 ಗಿಗಾಹರ್ಟ್ಸ್, ಅಲೆ ಉದ್ದ ಎರಡೂವರೆ ಸೆಂಟಿಮೀಟರ್ ಅಷ್ಟೇ. ದಪ್ಪ ಹನಿ ನಾಲ್ಕೈದು ಮಿಲಿಮೀಟರ್ ಇರತ್ತೆ. ಅಳತೆ ಇಷ್ಟು ಹತ್ರ ಬಂದಾಗ ಹನಿ ಒಂದಿಷ್ಟನ್ನ ಹೀರ್ಕೊಂಡು ಒಂದಿಷ್ಟನ್ನ ದಿಕ್ಕಾಪಾಲು ಚೆದುರ್ಸತ್ತೆ. ಕೇಬಲ್‌ನವರ ದೊಡ್ಡ ಡಿಶ್‌ಗಳು ಸಾಮಾನ್ಯವಾಗಿ ಸಿ ಬ್ಯಾಂಡ್, 4 ಗಿಗಾಹರ್ಟ್ಸ್, ಅಲೆ ಏಳೂವರೆ ಸೆಂಟಿಮೀಟರ್, ಅದಕ್ಕೆ ಮಳೆ ಅಷ್ಟು ತಾಗಲ್ಲ.

ರೇಡಿಯೋ ಕೇಳುಗ:
ಹೌದು. ಭದ್ರಾವತಿ ಆಕಾಶವಾಣಿ ನಾವು ಕೇಳ್ತಿದ್ದಿದ್ದು 675 ಕಿಲೋಹರ್ಟ್ಸ್‌ನಲ್ಲಿ, ಅಲೆ ಉದ್ದ 444 ಮೀಟರ್! ಅದಕ್ಕೆ ಹನಿ ಲೆಕ್ಕವೇ ಅಲ್ಲ, ಸಿಡಿಲು ಹೊಡ್ದಾಗ ಮಾತ್ರ ಕರಕರ ಅನ್ನೋದು. ಇನ್ನೊಂದು, ಹಳೇ ದೂರದರ್ಶನದಲ್ಲಿ ಸಿಗ್ನಲ್ ಕಮ್ಮಿ ಆದ್ರೂ ಚುಕ್ಕೆ ಚುಕ್ಕೆ ನಡುವೆ ಮುಖ ಕಾಣ್ತಿತ್ತಲ್ಲ, ಡಿಜಿಟಲ್‌ನಲ್ಲಿ ಹಾಗಿಲ್ಲ, ಒಂದು ಮಟ್ಟದ ತನಕ ತಪ್ಪೆಲ್ಲ ಬಾಕ್ಸೇ ಸರಿ ಮಾಡ್ಕೊಳ್ಳತ್ತೆ, ಅದಕ್ಕಿಂತ ಕೆಳಗಿಳಿದ್ರೆ ಒಂದೇ ಸಲ ಪೂರ್ತಿ ಹೋಗತ್ತೆ.

ಡಿಶ್ ಕೆಲಸದವ:
ಮಳೆ ನಿಂತ ಸ್ವಲ್ಪ ಹೊತ್ತಿಗೆ ವಾಪಸ್ ಬಂದ್ರೆ ಅದು ಮಳೆದೇ ಕಾಟ. ರಾತ್ರಿಯೆಲ್ಲ ಬರಲ್ಲ ಅಂದ್ರಲ್ಲ, ಅದು ಎಲ್‌ಎನ್‌ಬಿ (ಡಿಶ್ ಮುಂದೆ ಕೋಲಿನ ತುದೀಲಿ ಸಿಗ್ನಲ್ ಹಿಡಿಯೋ ಡಬ್ಬಿ) ಹತ್ರ ಕೇಬಲ್ ಸಿಕ್ಸೋ ಕನೆಕ್ಟರ್ ಒಳಗೆ ನೀರು ಹೋಗಿರತ್ತೆ, ಮೊದ್ಲು ಅದನ್ನ ನೋಡಿ. ಬಿಸಿಲಿದ್ದಾಗ ಮೆನುನಲ್ಲಿ ಸಿಗ್ನಲ್ ಕ್ವಾಲಿಟಿ ನೋಡ್ಕೊಂಡು ಡಿಶ್‌ನ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗ್ಸಿ ಅತಿ ಹೆಚ್ಚು ಬರೋ ಕಡೆ ಬಿಗೀರಿ. 60 ಸೆಂಟಿಮೀಟರ್ ಬದ್ಲು 90ರದ್ದು ಹಾಕಿದ್ರೆ ಹಿಡಿಯೋ ಸಿಗ್ನಲ್ ಎರಡೂಕಾಲು ಪಟ್ಟು, ಆದ್ರೂ ಜಡಿಮಳೆ ಜೋರಾದಾಗ ಹೋಗೇ ಹೋಗತ್ತೆ. ಮಳೇಲಿ ಮಾತ್ರ ಮಾಡು ಹತ್ಬೇಡಿ, ಹಾವಸೆ ಕಟ್ಟಿದ ಹೆಂಚು ಬಹಳ ಜಾರತ್ತೆ.

ನಿಟ್ಟೂರು ಕಡೆಯವ:
ಇವತ್ತು ಮಧ್ಯಾಹ್ನ ಹೊಳವಾಗಿತ್ತು, ಏಣಿ ಇಟ್ಟು ನೋಡ್ದೆ. ಕನೆಕ್ಟರ್ ಬಿಚ್ಚಿದ್ರೆ ಎರಡು ಹನಿ ನೀರು ಕೈ ಮೇಲೆ ಬಿತ್ತು, ನಡುವಿನ ತಾಮ್ರದ ತಂತಿ ಹಸಿರು ಕಟ್ಟಿತ್ತು. ತುದಿ ಕತ್ತರಿಸಿ ಹೊಸದು ಹಾಕಿ ಟೇಪ್ ಸುತ್ತಿದೆ, ಕ್ವಾಲಿಟಿ 48 ಇದ್ದಿದ್ದು 71ಕ್ಕೆ ಬಂತು. ಸಂಜೆ ಜೋರು ಹೊಯ್ದಾಗ ಆರೇಳು ನಿಮಿಷ ಹೋಯ್ತು. ಅಮ್ಮಂಗೆ ಕಿಟಕೀಲಿ ಆಗ್ನೇಯ ತೋರ್ಸಿ, ಅಲ್ಲಿ ಬೆಳ್ಳಗಾದ್ರೆ ಬರತ್ತೆ ನೋಡು ಅಂದಿದ್ದೆ. ಹಾಗೇ ಬಂತು.