ಪ್ರೈಮರಿಯಿಂದ ಇಂಟರ್‌ಮೀಡಿಯೆಟ್‌ಗೆ ಹೋಗುವುದು ಯಾವಾಗ?

ಪ್ರಶ್ನೆ – ಮುಂಜಾನೆಚಾಪೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಅಷ್ಟಾಂಗ ಯೋಗ (ಆಸನಗಳನ್ನು ನಿಗದಿತ ಕ್ರಮದ ಸೀರೀಸ್‌ಗಳಾಗಿ ಮಾಡುವ ಪದ್ಧತಿ) ಅಭ್ಯಾಸ ಮಾಡುತ್ತಿದ್ದೇನೆ, ವಾರಕ್ಕೆ ಐದು ದಿನ, ಕೆಲವು ವಾರ ಆರು. ಪ್ರೈಮರಿಯನ್ನು, ಅಂದರೆ ಮೊದಲ ಸೀರೀಸನ್ನು, ಕೊನೆಯ ಆಸನವಾದ ಸೇತು ಬಂಧಾಸನದ ತನಕ ಮಾಡುತ್ತೇನೆ. ಆದರೆ ಮರೀಚ್ಯಾಸನ ಡಿಯಲ್ಲಿ (ಎ, ಬಿ, ಸಿ, ಡಿ ಅನ್ನುವ ನಾಲ್ಕು ರೂಪಗಳಲ್ಲಿ ಕೊನೆಯದು) ಒಂದು ಕಡೆ ಮಾತ್ರ ಕೈಗಳು ಬೆನ್ನ ಹಿಂದೆ ಸೇರುತ್ತವೆ, ಸುಪ್ತ ಕೂರ್ಮಾಸನದಲ್ಲಿ ಯಾರಾದರೂ ಹಿಡಿದು ಕೊಟ್ಟರಷ್ಟೇ ಬೆರಳು ಸಿಗುತ್ತವೆ. ಊರ್ಧ್ವ ಧನುರಾಸನದಿಂದ (ಅಂಗೈ, ಪಾದ ನೆಲಕ್ಕೂರಿ ಹಿಂದಕ್ಕೆ ಬಾಗುವ ಆಸನ) ಎದ್ದು ನಿಲ್ಲಲು ಇನ್ನೂ ಆಗುತ್ತಿಲ್ಲ. ಜೊತೆಗೆ ಅಭ್ಯಾಸ ಮಾಡುವ ಒಬ್ಬರು ಇಂಟರ್‌ಮೀಡಿಯೆಟ್‌ನ, ಅಂದರೆ ಎರಡನೆಯ ಸೀರೀಸ್‌ನ, ಮೊದಲ ಆಸನಗಳಾದ ಪಾಶಾಸನ, ಕ್ರೌಂಚಾಸನ ಈಗಲೇ ಸೇರಿಸಿಕೊಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಎದ್ದು ನಿಲ್ಲುವ ತನಕ ಮುಟ್ಟಲೇಬೇಡಿ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಇನ್ನೊಂದು ವಿಷಯ. ಮರೀಚ್ಯಾಸನ ಡಿಯಲ್ಲಿ ಬಲಗಾಲನ್ನು ಪದ್ಮಕ್ಕೆ ಮಡಚಿದಾಗ ಮಂಡಿಯ ಒಳಭಾಗ ಚುಳ್ ಅನ್ನುತ್ತದೆ. ಸಹಿಸಿಕೊಂಡು ಮುಂದುವರಿಯಬೇಕಾ?

ಉತ್ತರ – ಐದುಸಿರು

ಮೊದಲು ಮಂಡಿಯ ವಿಷಯ. ಸಹಿಸಿಕೊಳ್ಳಬೇಡಿ. ತೊಡೆಯ ಹಿಂಭಾಗ ಎಳೆದಂತಾಗುವುದು ಬೇರೆ, ಮಂಡಿಯ ಒಳಗೆ ಚುಚ್ಚುವುದು ಬೇರೆ. ಮಂಡಿ ಬಾಗಿಲ ಕೀಲಿನ ಹಾಗೆ, ಮುಖ್ಯವಾಗಿ ಮಡಚುತ್ತದೆ, ಬಿಚ್ಚುತ್ತದೆ. ಪದ್ಮಕ್ಕೆ ಬೇಕಾದ ತಿರುವು ಸೊಂಟದ ಕೀಲಿನಿಂದ ಬರಬೇಕು. ಅಲ್ಲಿ ಬಿಗಿಯಿದ್ದಾಗ ನಾವು ಪಾದ ಹಿಡಿದು ಎಳೆದರೆ ಆ ತಿರುವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಹೀಗೆ ಮಾಡಿ ನೋಡಿ: ಮೊದಲು ಮಂಡಿಯನ್ನು ಪೂರ್ತಿ ಮಡಚಿ, ಹಿಮ್ಮಡಿ ತೊಡೆಯ ಹತ್ತಿರ ಬರಲಿ, ತೊಡೆಯನ್ನು ಹೊರಕ್ಕೆ ತಿರುಗಿಸಿ, ಆಮೇಲೆ ಪಾದವನ್ನು ಇನ್ನೊಂದು ಕಾಲಿನ ತೊಡೆಸಂದಿಗೆ ಒಯ್ಯಿರಿ. ಮೊಣಕಾಲ ಕೆಳಗಿನ ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು ಒಯ್ಯಿರಿ, ಬರೀ ಬೆರಳು ಹಿಡಿದು ಎಳೆಯಬೇಡಿ. ಕೆಳಗೆ ಮಡಚಿದ ಕಂಬಳಿ ಹಾಕಿಕೊಳ್ಳಿ. ಆದರೂ ನೋವಿದ್ದರೆ ಡಿ ಬಿಟ್ಟು ಪದ್ಮ ಇಲ್ಲದ ಸಿ ಮಾಡಿ. ಊತ ಬಂದರೆ ಅಥವಾ ಮಂಡಿ ಸಿಕ್ಕಿಕೊಂಡಂತಾದರೆ ಡಾಕ್ಟರಿಗೆ ತೋರಿಸಿ.

ಉತ್ತರ – ಬೆನ್ನುಬಾಗು

ಎದ್ದು ನಿಲ್ಲುವ ತನಕ ಕಾಯಿರಿ ಅಂದವರ ಪರ ನಾನು. ಇದು ಸುಮ್ನೆ ಮಾಡಿದ ನಿಯಮ ಅಲ್ಲ. ಪ್ರೈಮರಿಯಲ್ಲಿ ಹೆಚ್ಚಿನ ಆಸನ ಮುಂದಕ್ಕೆ ಬಾಗುವವು. ಎರಡನೆಯ ಸೀರೀಸ್‌ನಲ್ಲಿ ಪಾಶಾಸನ, ಕ್ರೌಂಚಾಸನ ಆದ ಕೂಡಲೇ ಶಲಭಾಸನದಿಂದ ಕಪೋತಾಸನದ ತನಕ ಏಳು ಆಸನ ಸಾಲಾಗಿ ಹಿಂದಕ್ಕೆ ಬಾಗುವವೇ. ಕಾಲಲ್ಲಿ ಬಲ ಇಲ್ಲದೆ ಅಲ್ಲಿಗೆ ಹೋದರೆ ಸೊಂಟದ ಮೂಳೆಗಳು ಒತ್ತಿಕೊಳ್ಳುತ್ತವೆ, ಅಷ್ಟೇ. ಆರು ತಿಂಗಳು ನಾನು ಆ ನೋವಿನಲ್ಲಿ ಕಳೆದಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎದ್ದು ನಿಲ್ಲುವುದಕ್ಕೆ ನನಗೆ ದಾರಿ ತೋರಿಸಿದ್ದು ತೂಗುವುದು. ಊರ್ಧ್ವ ಧನುರಾಸನದಲ್ಲಿ ಉಸಿರು ಬಿಡುತ್ತಾ ಭಾರವನ್ನು ಕೈ ಕಡೆ, ತೆಗೆದುಕೊಳ್ಳುತ್ತಾ ಕಾಲ ಕಡೆ ತನ್ನಿ. ಮೂರನೆಯ ಸಲಕ್ಕೆ ಅಂಗೈ ಹಗುರಾಗಿ ಬೆರಳ ತುದಿ ಮಾತ್ರ ನೆಲದಲ್ಲಿ ಉಳಿಯುತ್ತದೆ, ಮಂಡಿಗಳು ಮುಂದಕ್ಕೆ ಹೋಗುತ್ತವೆ. ಆ ಕ್ಷಣ ತಲೆ ಎತ್ತಲು ಆಸೆಯಾಗುತ್ತದೆ, ಎತ್ತಬೇಡಿ. ಸೊಂಟ ಮೊದಲು, ಎದೆ ಆಮೇಲೆ, ತಲೆ ಕೊನೆಗೆ. ಪಾದ ಹೊರಕ್ಕೆ ತಿರುಗುತ್ತಿದೆಯಾ ನೋಡಿಕೊಳ್ಳಿ, ಬಹಳ ಜನರಿಗೆ ತೊಂದರೆ ಇರುವುದೇ ಅಲ್ಲಿ.

ಉತ್ತರ – ನಿಧಾನವೇಸರಿ

ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಬೆನ್ನಿನಲ್ಲಿ ಬಲ ಇಲ್ಲ ಅಂತ ಕೆಲವರಿಗೆ ಶಲಭಾಸನವನ್ನು ಮೊದಲೇ ಕೊಡುವ ಗುರುಗಳೂ ಇದ್ದಾರೆ, ಅದು ತಪ್ಪಲ್ಲ. ಆದರೆ ಅದನ್ನು ನಿಮ್ಮನ್ನು ದಿನಾ ನೋಡುವವರು ಹೇಳಬೇಕು, ಪಕ್ಕದ ಚಾಪೆಯವರಲ್ಲ. ಅಷ್ಟಾಂಗವನ್ನು ಜನಪ್ರಿಯಗೊಳಿಸಿದ ಗುರು ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿ ಕಲಿಸಿದ ಕ್ರಮದಲ್ಲೂ ಒಬ್ಬೊಬ್ಬರಿಗೆ ಒಂದೊಂದೇ ಆಸನ ಸೇರಿಸುತ್ತಾ ಹೋಗುವುದೇ ಪದ್ಧತಿ.

ನಾನು ನೋಡುವುದು ಉಸಿರನ್ನು. ನಾವಾಸನ ಐದು ಸಲ, ಪ್ರತಿ ಸಲ ಐದು ಉಸಿರು. ಐದನೆಯದರಲ್ಲಿ ಉಸಿರು ಕಟ್ಟುತ್ತದೆಯಾ? ಆಸನದಿಂದ ಆಸನಕ್ಕೆ ಹೋಗುವಾಗ ಬಟ್ಟೆ ಸರಿ ಮಾಡಿಕೊಳ್ಳುತ್ತಾ, ನೀರು ಕುಡಿಯುತ್ತಾ ನಿಲ್ಲುತ್ತೀರಾ? ಹಾಗಿದ್ದರೆ ಪ್ರೈಮರಿಯಲ್ಲಿ ಮಾಡುವ ಕೆಲಸ ಇನ್ನೂ ಇದೆ ಅಂತ ಅರ್ಥ. ಎರಡನೆಯದು ಶುರುವಾದಾಗ ಪೂರ್ತಿ ಪ್ರೈಮರಿ ಮಾಡಿ ಅದರ ಕೊನೆಗೆ ಹೊಸ ಆಸನ ಸೇರಿಸಬೇಕಾಗುತ್ತದೆ. ಬಹಳ ತಿಂಗಳು ಹೀಗೇ ಉದ್ದವಾಗುತ್ತಾ ಹೋಗಿ, ಆಮೇಲೆ ಗುರುಗಳು ಹೇಳಿದಾಗ ಬೇರೆ ಮಾಡುತ್ತೀರಿ, ಅಂದರೆ ನಿಂತ ಆಸನಗಳ ನಂತರ ನೇರ ಇಂಟರ್‌ಮೀಡಿಯೆಟ್. ಆಗಲೂ ವಾರದಲ್ಲಿ ಒಂದು ದಿನ, ರೂಢಿಯಲ್ಲಿ ಶುಕ್ರವಾರ, ಬರೀ ಪ್ರೈಮರಿ. ಪ್ರೈಮರಿಗೆ ಯೋಗ ಚಿಕಿತ್ಸೆ ಅಂತ, ಎರಡನೆಯದಕ್ಕೆ ನಾಡಿ ಶೋಧನ ಅಂತ ಹೆಸರು. ಎರಡನೆಯದು ನಿದ್ದೆ, ಮನಸ್ಸು ಎರಡನ್ನೂ ಕಲಕಬಹುದು, ನನಗೆ ಹಾಗೇ ಆಯಿತು, ಅದಕ್ಕೂ ತಯಾರಿರಬೇಕು ಅಲ್ವಾ.

ಮುಂಜಾನೆಚಾಪೆ

ತುಂಬಾ ಥ್ಯಾಂಕ್ಸ್. ಇವತ್ತು ಕಂಬಳಿ ಹಾಕಿಕೊಂಡು ಐದುಸಿರು ಹೇಳಿದ ಹಾಗೆ ಮಡಚಿದೆ, ಚುಳ್ ಅನ್ನಲಿಲ್ಲ, ಆದರೆ ಕೈ ಸೇರಲಿಲ್ಲ. ಇನ್ನು ಕೆಲವು ವಾರ ಸಿಯಲ್ಲೇ ಇರುತ್ತೇನೆ. ತೂಗುವುದನ್ನೂ ಶುರು ಮಾಡಿದೆ, ನನ್ನ ಪಾದ ನಿಜವಾಗಿಯೂ ಹೊರಕ್ಕೆ ತಿರುಗುತ್ತಿತ್ತು!

ಐದುಸಿರು

ಒಳ್ಳೆಯದು. ಕೈ ಸೇರದಿದ್ದರೆ ಪರವಾಗಿಲ್ಲ. ಮರೀಚ್ಯಾಸನ ಬಿಯಲ್ಲೂ ಅರ್ಧ ಪದ್ಮ ಇದೆ, ಅಲ್ಲೂ ಇದೇ ಎಚ್ಚರ ಇರಲಿ. ಅದಕ್ಕೂ ಮುಂಚೆ ಅರ್ಧ ಬದ್ಧ ಪದ್ಮೋತ್ತಾನಾಸನದಲ್ಲಿ ಬಲಗಾಲನ್ನು ಹೇಗೆ ಮಡಚುತ್ತೀರಿ ಅಂತ ನಾಳೆ ಒಮ್ಮೆ ನೋಡಿ. ದಿನದ ಮೊದಲ ಪದ್ಮ ಅದೇ, ಮಂಡಿ ತಿರುಚುವ ಅಭ್ಯಾಸ ಅಲ್ಲೇ ಶುರುವಾಗಿರಬಹುದು.