ಸಹಾಯ ಬೇಕು: ಎಂಎಂ 540 ಜೀಪಿನ ಸ್ಟೀರಿಂಗ್ ಅದುರುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪನ ಕಾಲದ ಮಹೀಂದ್ರಾ ಎಂಎಂ 540 ಇದೆ. ಪೂಜೋ ಡೀಸೆಲ್ ಇಂಜಿನ್ ಇನ್ನೂ ಗಟ್ಟಿಯಾಗಿದೆ, ಚಳಿಯಲ್ಲೂ ಹೀಟರ್ ಕಾಯಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.

ತೊಂದರೆ ಇರುವುದು ಸ್ಟೀರಿಂಗಿನಲ್ಲಿ. 45ರ ಹತ್ತಿರ ಹೋಗುವಾಗ ಒಂದು ಗುಂಡಿಗೆ ಬಿದ್ದರೆ ಸಾಕು, ಮುಂದಿನ ಎರಡೂ ಚಕ್ರ ಗಡಗಡ ಅಂತ ಒದ್ದಾಡುತ್ತವೆ, ಪೂರ್ತಿ ನಿಧಾನ ಮಾಡುವವರೆಗೂ ನಿಲ್ಲುವುದಿಲ್ಲ. ಹೆಂಡತಿಯಂತೂ ಹತ್ತುವುದನ್ನೇ ಬಿಟ್ಟಿದ್ದಾಳೆ!

ಟೈ ರಾಡ್ ಎಂಡ್ (ಎರಡೂ ಮುಂದಿನ ಚಕ್ರ ಸೇರಿಸುವ ರಾಡಿನ ತುದಿಯ ಕೀಲು) ಮನೆಯಲ್ಲೇ ಹೊಸದು ಹಾಕಿದೆ. ವೀಲ್ ಬ್ಯಾಲೆನ್ಸ್ ಆಯ್ತು. ಟೇಪು ಹಿಡಿದು ಟೋ ಇನ್ (ಮುಂದಿನ ಚಕ್ರಗಳ ಮುಂಭಾಗ ಎಷ್ಟು ಒಳಕ್ಕೆ ತಿರುಗಿದೆ ಅನ್ನೋದು) ಕೂಡ ನೋಡಿದೆ. ಸ್ವಲ್ಪ ಕಮ್ಮಿಯಾಯಿತು, ಅಷ್ಟೇ. ಜಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಎಡಗಡೆ ಸಣ್ಣ ಆಟ (ಸಡಿಲ) ಇದೆ. ಬ್ರೇಕ್ ತುಳಿದು ಹಿಡಿದರೂ ಆ ಆಟ ಹೋಗುವುದಿಲ್ಲ, ಹಾಗಾಗಿ ವೀಲ್ ಬೇರಿಂಗ್ ಅಲ್ಲ, ಕಿಂಗ್ ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಡ ಬಲ ತಿರುಗುವ ಕೀಲು) ಬೇರಿಂಗ್ ಅಂತ ನನ್ನ ಲೆಕ್ಕ. ಅದರ ಶಿಮ್ (ತೆಳು ತಗಡಿನ ಪ್ಯಾಕಿಂಗ್) ತೆಗೆದು ಬಿಗಿ ಮಾಡಿದರೆ ಸಾಕಾ, ಬೇರಿಂಗೇ ಬದಲಿಸಬೇಕಾ? ಆ ಕೀಲು ಎಷ್ಟು ಬಿಗಿ ಇದೆ ಅಂತ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ನೋಡುತ್ತಾರಲ್ವಾ, ಎಷ್ಟು ಕೆಜಿ ಬರಬೇಕು?

ಇನ್ನೊಂದು ಅನುಮಾನ. ಹೋದ ವರ್ಷ ಮೂಟೆ ಹೊರೋಕೆ ಅಂತ ಹಿಂದಿನ ಸ್ಪ್ರಿಂಗಿಗೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿದ್ದೆ. ಹಿಂಭಾಗ ಎದ್ದು ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಕಮ್ಮಿಯಾಗಿರಬಹುದಾ? ಅದುರು ಶುರುವಾಗಿದ್ದೂ ಆಮೇಲೇ. ಮುಂದಿನ ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವೆ ಓರೆ ಪ್ಯಾಕಿಂಗ್ ಕೊಟ್ಟು ಸರಿ ಮಾಡಿದವರು ಯಾರಾದರೂ ಇದ್ದರೆ, ದಪ್ಪ ಭಾಗ ಯಾವ ಕಡೆಗೆ ಅಂತ ಹೇಳಿ. ಸ್ಟೀರಿಂಗ್ ಡ್ಯಾಂಪರ್ (ಅದುರು ತಡೆಯುವ ಶಾಕ್ ಅಬ್ಸಾರ್ಬರ್ ತರಹದ್ದು) ಹಾಕು ಅಂತ ಒಬ್ಬರು ಹೇಳಿದರು, ಅದು ಸುಮ್ನೆ ರೋಗ ಮುಚ್ಚಿಟ್ಟ ಹಾಗೆ ಅನ್ನಿಸಿತು.

ಮಳೆಗಾಲಕ್ಕೆ ಮೊದಲು ಮುಗಿಸಬೇಕು. ಫೋಟೋ ಬೇಕಿದ್ದರೆ ಹಾಕುತ್ತೇನೆ.