ಬ್ರೇಕ್ ಬ್ಲೀಡಿಂಗ್, ಬ್ರೇಕ್ ಫ್ಲೂಯಿಡ್: ಕನ್ನಡದಲ್ಲಿ ಏನು ಬರೆಯಲಿ? (ನಾಳೆಗೆ ಬೇಕು)

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ಈಚೆಗೆ ಒಂದು ಹಳೆ ಅಂಬಾಸಿಡರ್ ಕೊಂಡೆ. ಬಾಡಿ, ಎಂಜಿನ್ ಚೆನ್ನಾಗಿವೆ. ಬ್ರೇಕ್ ಮಾತ್ರ ಕೈಕೊಟ್ಟಿದೆ. ಪೆಡಲ್ ಒತ್ತಿದರೆ ತಳ ಮುಟ್ಟುತ್ತದೆ, ಒಂದೆರಡು ಸಲ ಪಂಪ್ ಮಾಡಿದರೆ ಹಿಡಿಯುತ್ತದೆ. ಬಿ.ಹೆಚ್. ರಸ್ತೆ ಹತ್ತಿರದ ಗ್ಯಾರೇಜಿನಲ್ಲಿ ಬಿಚ್ಚಿಸಿದೆ. ಹಿಂದಿನ ವೀಲ್ ಸಿಲಿಂಡರ್ (ಚಕ್ರದಲ್ಲಿ ಬ್ರೇಕ್ ಶೂಗಳನ್ನು ತಳ್ಳುವ ಭಾಗ) ಸೋರಿ ಬ್ರೇಕ್ ಶೂ ಎಲ್ಲ ನೆನೆದಿತ್ತು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ನಾಲ್ಕಕ್ಕೂ ಒಂದೇ ಲೈನ್. ಎಲ್ಲಿ ಸೋರಿದರೂ ನಾಲ್ಕೂ ಹೋದಂತೆ.

ಅಲ್ಲಿನ ಮೇಸ್ತ್ರಿಯವರು ಒಂದು ಮಾತು ಕೇಳಿದರು. ಹಳೆ ಗಾಡಿಗಳ ಬ್ರೇಕ್ ಕೆಲಸ ಹೇಗೆ ಮಾಡಬೇಕು ಅಂತ ಒಂದು ಹಾಳೆ ಕನ್ನಡದಲ್ಲಿ ಬರೆದುಕೊಡಿ, ಕಲಿಯುವ ಹುಡುಗರಿಗೆ ಗೋಡೆಗೆ ಅಂಟಿಸುತ್ತೇನೆ ಅಂದರು. ಇಂಗ್ಲಿಷ್ ಕೈಪಿಡಿ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಪ್ರಿಂಟ್‌ಗೆ ಕೊಡಬೇಕು. ಎರಡು ಕಡೆ ಸಿಕ್ಕಿಕೊಂಡೆ. ಬ್ಲೀಡಿಂಗ್ ಅಂದರೆ ಲೈನಿನೊಳಗೆ ಸೇರಿದ ಗಾಳಿಯನ್ನು ಚಕ್ರದ ಹತ್ತಿರದ ನಿಪ್ಪಲ್ ಸಡಿಲಿಸಿ ಹೊರಗೆ ಬಿಡುವ ಕೆಲಸ. ಹುಡುಗರು 'ಏರ್ ತೆಗಿ' ಅನ್ನುತ್ತಾರೆ. ಇನ್ನೊಂದು ಬ್ರೇಕ್ ಫ್ಲೂಯಿಡ್, ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ದ್ರವ. ಗ್ಯಾರೇಜಿನಲ್ಲಿ ಎಲ್ಲರಿಗೂ ಅದು ಬ್ರೇಕ್ ಆಯಿಲ್. 'ಬ್ರೇಕ್ ಎಣ್ಣೆ' ಅಂತ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಕೋಲಾರದಿಂದ:

ಮೊದಲು 'ಬ್ರೇಕ್' ಬಿಡಿ. 'ಬಿರಿ' ಅನ್ನಿ. ಎರಡೇ ಅಕ್ಷರ. ಬಿರಡೆಗೂ ಅದಕ್ಕೂ ನಂಟಿದೆ ಎಂದೇ ನನ್ನ ನಂಬಿಕೆ. ಅಲ್ಲಿಂದ ಬಿರಿಗಾಳಿ, ಬಿರಿನೀರು, ಬಿರಿಗಾಲಿ ಎಲ್ಲ ತಾನಾಗಿ ಹುಟ್ಟುತ್ತವೆ.

ಎತ್ತಿನ ಗಾಡಿ ನೋಡಿ. ಅಚ್ಚು, ಗುಂಬ, ಮೂಕಿ, ನೊಗ, ಕಡಾಣಿ. ಕಡಾಣಿ ಅಂದರೆ ಕಡೆಯ ಆಣಿ. ಅದು ಎಲ್ಲಿರುತ್ತದೆ ಅನ್ನುವುದು ಹೆಸರಲ್ಲೇ ಇದೆ. ಓದು ಬಾರದ ಬಡಗಿ, ಕಮ್ಮಾರ ಕಟ್ಟಿದ ಪದಗಳು ಇವು. ಕಾರು ಬಂದ ಕೂಡಲೇ ನಾವು ಪದ ಕಟ್ಟುವುದನ್ನೇ ಬಿಟ್ಟೆವು. ಆ ಹುಡುಗರಿಗೆ ಈಗ ಕಲಿಸದಿದ್ದರೆ ಇನ್ಯಾವಾಗ?

ಚಿಕ್ಕಬಳ್ಳಾಪುರದಿಂದ:

ಬೇಡ. ಮೊಗ್ಗು ಬಿರಿಯುತ್ತದೆ, ನೆಲ ಬಿರಿಯುತ್ತದೆ. 'ಡ್ರಮ್ಮಿನ ಬಿರಿ ನೋಡಿ' ಅಂತ ಬರೆದರೆ ಹುಡುಗ ಡ್ರಮ್ಮಿನಲ್ಲಿ ಸೀಳು ಹುಡುಕುತ್ತಾನೆ. ಹಳೆ ಡ್ರಮ್ಮು ನಿಜವಾಗಿಯೂ ಸೀಳುವುದುಂಟು. ಆಗ ಯಾವ ಪದ ಹಾಕುತ್ತೀರಿ? ಇನ್ನು 'ಬಿರಿನೀರು' ಅಂತ ಗೋಡೆಗೆ ಹಚ್ಚಿದರೆ ಒಬ್ಬ ಹುಡುಗನಾದರೂ ನೀರು ಸುರಿಯುತ್ತಾನೆ.

ತುಮಕೂರಿನವರೇ, ಬರೀ 'ಗಾಳಿ ತೆಗೆ' ಅಂದರೆ ಟೈರಿನ ಗಾಳಿ ಅಂತ ಓದುತ್ತಾರೆ. 'ಬ್ರೇಕ್ ಲೈನಿನ ಗಾಳಿ ತೆಗೆಯುವುದು' ಅಂತ ಪೂರ್ತಿ ಬರೆಯಿರಿ. ಉದ್ದ ಆಯ್ತು ಅಂತ ಕತ್ತರಿಸಬೇಡಿ.

'ಎಣ್ಣೆ' ಖಂಡಿತ ಬೇಡ. ಅದು ಎಣ್ಣೆಯೇ ಅಲ್ಲ. ಡಾಟ್ 3, ಡಾಟ್ 4 ಅಂತ ಬರುವ ಫ್ಲೂಯಿಡ್ ದರ್ಜೆಗಳೆರಡೂ ಗ್ಲೈಕಾಲ್ ಅನ್ನುವ ರಾಸಾಯನಿಕದ ಜಾತಿಯವು. ಒಳಗಿನ ರಬ್ಬರ್ ವಾಷರ್‌ಗಳು ಅದಕ್ಕೆ ಹೊಂದುವಂಥವು. ಎಂಜಿನ್ ಆಯಿಲ್ ಸೇರಿದರೆ ರಬ್ಬರ್ ಊದಿಕೊಳ್ಳುತ್ತದೆ. ಬ್ರೇಕ್ ಜಾಮ್ ಆಗುತ್ತದೆ, ಇಲ್ಲ ಸೋರುತ್ತದೆ. ಆಮೇಲೆ ಲೈನೆಲ್ಲ ತೊಳೆದು ಪ್ರತಿಯೊಂದು ರಬ್ಬರೂ ಬದಲಿಸಬೇಕು.

ಎಣ್ಣೆ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಏನು? ಅದು ನೀರಿನ ಜೊತೆ ಬೆರೆಯುವುದಿಲ್ಲ ಅಂತ. ಇದು ಹಾಗಲ್ಲ, ಗಾಳಿಯಲ್ಲಿರುವ ತೇವವನ್ನೇ ಹೀರಿಕೊಳ್ಳುತ್ತದೆ. ಡಾಟ್ 3 ಹೊಸದಾಗಿದ್ದಾಗ ಅದರ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್‌ಗಿಂತ ಕಮ್ಮಿ ಇರಕೂಡದು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 140. ದೇವರಾಯನದುರ್ಗದಿಂದ ಬ್ರೇಕ್ ಒತ್ತಿಕೊಂಡೇ ಇಳಿಯಿರಿ, ಡ್ರಮ್ ಕಾದು ಬಿಸಿ ಒಳಗೆ ಇಳಿಯುತ್ತದೆ. ಹಳೆಯ ಫ್ಲೂಯಿಡ್ ಕುದಿದರೆ ಆವಿ ಆಗುತ್ತದೆ. ಆವಿ ಅದುಮಿಕೊಳ್ಳುತ್ತದೆ, ಒತ್ತಡ ಚಕ್ರಕ್ಕೆ ಮುಟ್ಟುವುದಿಲ್ಲ. ಇಳಿಜಾರಿನಲ್ಲಿ ಪೆಡಲ್ ತಳಕ್ಕೆ ಹೋಗುತ್ತದೆ. ಪದ ತಪ್ಪಿದರೆ ಜೀವಕ್ಕೇ ಕುತ್ತು ಸ್ವಾಮಿ.

ಕೋಲಾರದಿಂದ:

ಹಾಗಾದರೆ ಏನು ಬರೆಯಬೇಕು? 'ಬ್ರೇಕ್ ದ್ರವ'? ಅರ್ಧ ಇಂಗ್ಲಿಷ್, ಅರ್ಧ ಸಂಸ್ಕೃತ. ಕನ್ನಡ ಎಲ್ಲಿ? ಕೊನೇಪಕ್ಷ ಹಾಳೆಯ ತಲೆಬರಹದಲ್ಲಾದರೂ 'ರಿಪೇರಿ' ಬೇಡ, 'ದುರಸ್ತಿ' ಇರಲಿ.

ಚಿಕ್ಕಬಳ್ಳಾಪುರದಿಂದ:

ದುರಸ್ತಿ ಪಾರ್ಸಿಯಿಂದ ಬಂದದ್ದು. ಚಾವಿ, ಅಲಮಾರು ಪೋರ್ಚುಗೀಸರಿಂದ ಬಂದವು. ಬ್ರೇಕು ಕೂಡ ಬ್ರೇಕಿಗೆ, ಬ್ರೇಕಿನಿಂದ ಅಂತ ವಿಭಕ್ತಿ ಹಚ್ಚಿಕೊಂಡು ನಮ್ಮದೇ ಆಗಿದೆ.

ಕೋಲಾರದಿಂದ:

ಚಾವಿ ಬಂದಾಗ ಅದೊಂದು ಪದ ಬಂತು, ಅಷ್ಟೇ. ಈಗ ಪದದ ಜೊತೆ ಇಡೀ ಕಸುಬಿನ ಮಾತೇ ಇಂಗ್ಲಿಷ್ ಆಗುತ್ತಿದೆ. ಮೇಸ್ತ್ರಿ ತನ್ನ ಕೆಲಸವನ್ನು ತನ್ನ ನುಡಿಯಲ್ಲಿ ವಿವರಿಸಲಾಗದ ದಿನ ಬಂದರೆ ಆಗ ಯಾರನ್ನು ಕೇಳೋಣ? ನನ್ನ ಸಂಕಟ ಅದು. 'ಬಿರಿ' ಬೇಡ ಅಂದರೆ ಬಿಡಿ. ಕೆಲಸಕ್ಕಾದರೂ ಕನ್ನಡದ ಕ್ರಿಯಾಪದ ಇರಲಿ. ಬ್ಲೀಡ್ ಮಾಡು, ಟೈಟ್ ಮಾಡು, ಚೆಕ್ ಮಾಡು ಬೇಡ.

ತುಮಕೂರಿನಿಂದ:

ಇಬ್ಬರಿಗೂ ವಂದನೆ. ಕ್ರಿಯಾಪದದ ಮಾತು ನನಗೆ ತುಂಬ ಹಿಡಿಸಿತು. ಭಾಗಗಳ ಹೆಸರು ಅಂಗಡಿಯಲ್ಲಿ ಕೇಳುವ ಹಾಗೇ ಇಟ್ಟೆ, ಕೆಲಸವೆಲ್ಲ ಕನ್ನಡದಲ್ಲಿ. ಡಬ್ಬಿ ಕೊಳ್ಳುವಾಗ ಹುಡುಗರು ಬ್ರೇಕ್ ಆಯಿಲ್ ಅಂತಲೇ ಕೇಳುತ್ತಾರೆ, ಆ ಹೆಸರು ತೆಗೆದರೆ ಗೊಂದಲ ಜಾಸ್ತಿ. ಪ್ರಿಂಟ್‌ಗೆ ಹೋಗುವುದು ಇದು:

"ಬ್ರೇಕ್ ಆಯಿಲ್ ಎಣ್ಣೆ ಅಲ್ಲ. ಡಬ್ಬಿಯ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದಿದ್ದರೆ ಮಾತ್ರ ಹಾಕಿ. ಎಂಜಿನ್ ಆಯಿಲ್, ನೀರು ಹಾಕಬೇಡಿ. ತುಂಬ ದಿನದಿಂದ ತೆರೆದಿಟ್ಟ ಡಬ್ಬಿ ಬಳಸಬೇಡಿ. ಬ್ರೇಕ್ ಲೈನಿನ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಲೈನಿಗೆ ಒತ್ತಡ ಕೊಡುವ ಭಾಗ) ತೀರಾ ದೂರದ ಚಕ್ರದಿಂದ ಶುರು ಮಾಡಿ. ಪೆಡಲ್ ಒತ್ತಿ ಹಿಡಿದಾಗಲೇ ನಿಪ್ಪಲ್ ಸಡಿಲಿಸಿ. ಬಿಗಿ ಮಾಡಿದ ಮೇಲೆ ಪೆಡಲ್ ಬಿಡಿ. ಬ್ರೇಕ್ ಶೂ ಮೇಲಿನ ಹಳೆ ಲೈನರ್ ಧೂಳಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಬಾಯಿಂದಾಗಲಿ ಪಂಪಿನಿಂದಾಗಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ."

ಹಾಳೆಯಲ್ಲೇ ಇನ್ನೊಂದು ಕಡೆ, ಡ್ರಮ್ ಕಾದು ಬ್ರೇಕ್ ಹಿಡಿತ ಕಮ್ಮಿಯಾಗುವುದಕ್ಕೆ 'ಹಿಡಿತ ಸಡಿಲವಾಗುತ್ತದೆ' ಅಂತ ಬರೆದಿದ್ದೇನೆ. 'ಸಡಿಲ' ಅಂದರೆ ನಟ್ಟು ಸಡಿಲ ಅಂದುಕೊಳ್ಳುತ್ತಾರಾ? ರಾತ್ರಿ ಹತ್ತರೊಳಗೆ ಯಾರಾದರೂ ಹೇಳಿದರೆ ಬದಲಿಸುತ್ತೇನೆ.